ಕಾವಲಿಯ ಮೇಲೆ ಎರಡು ಪೆಟ್ಟು

ಮೊನ್ನೆ ವಿಲೆ ಪಾರ್ಲೆಯಲ್ಲಿ ಲೋಕಲ್ ಹತ್ತಿ ಕಂಬಿ ಹಿಡಿದು ನಿಂತಿದ್ದೆ. ಪಕ್ಕದಲ್ಲಿದ್ದ ಕಾಲೇಜು ಹುಡುಗನ ಕಿವಿಯಿಂದ ನನ್ನದೇ ಸ್ವರ ಹೊರಗೆ ಸೋರುತ್ತಿತ್ತು. ‘ಕಡಕ್ ಕಡಕ್ ಕ ಕ ಕ, ಎರಡು ಮಸಾಲ್, ಎರಡು ಮಸಾಲ್’ ಎಂದು ನಾನು ಬಡಬಡಿಸುತ್ತಿದ್ದೆ, ಹಿಂದಿನಿಂದ ಕಬ್ಬಿಣದ ಟಣ್ ಟಣ್. ಹುಡುಗ ತನ್ನ ಗೆಳೆಯನಿಗೆ ಹಿಂದಿಯಲ್ಲಿ ಪಾಠ ಮಾಡುತ್ತಿದ್ದ. ಈ ಸಂಗೀತ ಹುಟ್ಟಿದ್ದು ಹೊರದೇಶದ ಯಾವುದೋ ನೆಲಮಾಳಿಗೆಯ ಕ್ಲಬ್ಬಿನಲ್ಲಂತೆ, ಇಂಟರ್‌ನೆಟ್ ಹಿಡಿದು ಮುಂಬಯಿಗೆ ಬಂತಂತೆ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ‘ತಮ್ಮಾ, ಅದು ಹುಟ್ಟಿದ್ದು ಮಾಟುಂಗದ ಹೋಟೆಲಿನಲ್ಲಿ, ಅಡುಗೆಮನೆಯ ಕಿಂಡಿಯ ಎದುರು. ಆ ಗಂಟಲು ನನ್ನದು’ ಎಂದು ಹೇಳಬೇಕೆನಿಸಿತು. ಆದರೆ ಈಗಿನ ನನ್ನ ಸ್ವರ ಕೇಳಿದರೆ ದೇವರಾಣೆ ಯಾರೂ ನಂಬುವುದಿಲ್ಲ.

ಆ ಹುಡುಗರು ಅದನ್ನು ‘ಆರ್ಡರ್’ ಎಂದು ಕರೆಯುತ್ತಾರೆ. ಕಂಪ್ಯೂಟರಿನಲ್ಲಿ ಮಾಡುವ ಸಂಗೀತ. ನಿಮಿಷಕ್ಕೆ ನೂರೆಂಬತ್ತು ಪೆಟ್ಟು ಬೀಳುತ್ತದಂತೆ, ಅದರ ಮೇಲೆ ದುಡಿಯುವವನೊಬ್ಬನ ಕೂಗನ್ನು ತುಂಡು ತುಂಡು ಮಾಡಿ ಹಾಕುವುದು. ಈಗ ಬಸ್ ಕಂಡಕ್ಟರನ ಕೂಗಿದೆ, ಮೀನು ಮಾರುವ ಹೆಂಗಸರದ್ದಿದೆ, ಲೋಕಲ್‌ನಲ್ಲಿ ಕ್ಲಿಪ್ಪು ಪಿನ್ನು ಮಾರುವವಳದ್ದಿದೆ. ಅವೆಲ್ಲ ಆಮೇಲಿನವು. ಮೊದಲನೆಯದು ನನ್ನದು. ಇದನ್ನು ಜಂಬದಿಂದ ಹೇಳುತ್ತಿದ್ದೇನೆ, ಯಾಕೆ ಹೇಳಬಾರದು?

ನಮ್ಮ ಹೋಟೆಲಿನ ಕ್ರಮವನ್ನು ಸ್ವಲ್ಪ ಹೇಳಬೇಕು. ಅಲ್ಲಿ ಸಪ್ಲಾಯರುಗಳು ಅಡುಗೆಮನೆಯ ಹತ್ತಿರ ಸುಳಿಯುವ ಹಾಗಿಲ್ಲ. ಎಲ್ಲರೂ ಬಂದು ನನಗೆ ಹೇಳಬೇಕು, ನಾನು ಕಿಂಡಿಯ ಎದುರು ನಿಂತು ಒಳಗೆ ಕೂಗಬೇಕು. ನಾನೂ ಮೊದಲು ಟೇಬಲ್ ಒರೆಸಿದವನು, ಆಮೇಲೆ ಸಪ್ಲಾಯರ್ ಆದವನು. ರಾತ್ರಿಶಾಲೆಯಲ್ಲಿ ಕನ್ನಡ ಓದಿ ಪದ್ಯ ಗಟ್ಟಿಯಾಗಿ ಹೇಳುವ ಚಟ ಹತ್ತಿತ್ತು. ಅದನ್ನು ಕೇಳಿದ ದೊಡ್ಡ ಧಣಿಗಳು ‘ಇವನ ಗಂಟಲು ಹಾಳು ಮಾಡುವುದು ಬೇಡ, ಕಿಂಡಿಗೆ ನಿಲ್ಲಿಸಿ’ ಎಂದರು. ಅವತ್ತಿನಿಂದ ಕಿಂಡಿಯೇ ನನ್ನ ಜಾಗ.

ಒಳಗೆ ಕಾವಲಿಯ ಮುಂದೆ ಭಟ್ರು. ಉಡುಪಿ ಕಡೆಯವರು, ನನಗಿಂತ ನಾಲ್ಕು ವರ್ಷ ದೊಡ್ಡವರು, ಬಾಯಿಯಲ್ಲಿ ಸದಾ ಎಲೆ ಅಡಿಕೆ. ಬಾಯಿ ತುಂಬಿರುವವರು ಉತ್ತರ ಹೇಗೆ ಕೊಡುವುದು? ಸಟ್ಟುಗದಿಂದ ಕಾವಲಿಯ ಅಂಚಿಗೆ ಎರಡು ಪೆಟ್ಟು ಹೊಡೆದರೆ ಆರ್ಡರ್ ಸಿಕ್ಕಿತು ಎಂದರ್ಥ. ಒಂದೇ ಪೆಟ್ಟಾದರೆ ಸರಿಯಾಗಿ ಕೇಳಲಿಲ್ಲ, ಇನ್ನೊಮ್ಮೆ ಹೇಳಿ. ನಾನು ‘ಎರಡು ಮಸಾಲ್, ಒಂದು ಸಾದಾ ಕಡಕ್’ ಎಂದರೆ ಒಳಗಿನಿಂದ ಟಣ್ ಟಣ್. ‘ರವಾ ಮೂರು, ಒಂದಕ್ಕೆ ಈರುಳ್ಳಿ ಬೇಡ’, ಟಣ್ ಟಣ್. ನಾವು ಇಪ್ಪತ್ತೆರಡು ವರ್ಷ ಹೀಗೆ ಮಾತಾಡಿದವರು. ಮುಖ ನೋಡಿ ಆಡಿದ ಮಾತು ಕಡಿಮೆಯೇ.

ಭಾನುವಾರ ಬೆಳಿಗ್ಗೆ ಒಂಬತ್ತಾಯಿತೆಂದರೆ ಹೊರಗೆ ಫುಟ್‌ಪಾತಿನವರೆಗೆ ಜನ. ಹತ್ತಕ್ಕೆ ನನಗೆ ಉಸಿರು ತೆಗೆಯಲು ಪುರುಸೊತ್ತಿರುವುದಿಲ್ಲ. ನನ್ನ ಮಾತು ಮುಗಿಯುವ ಮೊದಲೇ ಭಟ್ಟರ ಪೆಟ್ಟು ಬೀಳುತ್ತದೆ, ಪೆಟ್ಟು ಮುಗಿಯುವ ಮೊದಲೇ ನನ್ನ ಮುಂದಿನ ಆರ್ಡರ್. ಆ ವೇಗವನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಹಸಿದವರು ಹೊರಗೆ ನಿಂತಿದ್ದರು, ಅಷ್ಟೆ.

ಅಂಥ ಒಂದು ಭಾನುವಾರ ಒಬ್ಬಳು ಹುಡುಗಿ ಕಿಂಡಿಯ ಪಕ್ಕದ ಟೇಬಲ್ ಹಿಡಿದು ಕೂತಳು. ಪವಾಯಿಯ ಎಂಜಿನಿಯರಿಂಗ್ ಕಾಲೇಜಿನವಳು. ಮನೆಯವರು ವಿಜಯಪುರದ ಕಡೆಯವರು, ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ದೋಸೆ ತಿಂದು ಮುಗಿಸಿದರೂ ಏಳಲಿಲ್ಲ. ಫೋನನ್ನು ಕಿಂಡಿಯ ಕಡೆ ಹಿಡಿದುಕೊಂಡಿದ್ದಳು. ನನಗೆ ಮೂಗಿನ ತುದಿಯಲ್ಲೇ ಕೋಪ. ‘ಎಂತ ಮಾರಾಯ್ತಿ, ಹೊರಗೆ ಜನ ಕಾಯ್ತಾ ಇದ್ದಾರೆ, ಕಾಣುದಿಲ್ವಾ? ಫೋಟೋ ತೆಗೀಲಿಕ್ಕೆ ಇದೆಂತ ಗೇಟ್‌ವೇಯಾ?’ ಎಂದೆ.

‘ಫೋಟೋ ಅಲ್ರೀ ಕಾಕಾ, ನಿಮ್ಮ ವಾಯ್ಸ್ ರೆಕಾರ್ಡ್ ಮಾಡಾಕತ್ತೀನಿ’ ಎಂದಳು. ‘ನಾ ಮ್ಯೂಸಿಕ್ ಮಾಡ್ತೀನ್ರಿ. ನೀವ್ ಹೇಳೂದು, ಒಳಗಿಂದ ಅವ್ರ್ ಬಡಿಯೂದು, ಅದು… ಕ್ಯಾ ಬೋಲ್ತೇ… ಭಾಳ ಭಾರಿ ಐತ್ರಿ. ಮಾಡ್ಕೊಳ್ಲೇನ್ರಿ?’

‘ಮಾಡ್ಕೋ, ಆದ್ರೆ ಇನ್ನೊಂದು ಕಾಫಿ ತಗೊಂಡು ಕೂತ್ಕೋ’ ಎಂದೆ. ಅವಳು ಒಂದಲ್ಲ, ಮೂರು ಕಾಫಿ ಕುಡಿದಳು. ಮುಂದಿನ ಭಾನುವಾರ ಮತ್ತೆ ಬಂದಳು, ಅದರ ಮುಂದಿನದ್ದಕ್ಕೂ ಬಂದಳು.

ಒಂದು ತಿಂಗಳಾದ ಮೇಲೆ ನನ್ನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದಳು. ಅಯ್ಯೋ ದೇವರೇ! ನನ್ನ ಗಂಟಲಿಗೆ ಬಿಕ್ಕಳಿಕೆ ಹಿಡಿದ ಹಾಗಿತ್ತು. ‘ಕಡಕ್’ ಎಂಬ ಒಂದು ಮಾತನ್ನು ಹದಿನಾರು ಚೂರು ಮಾಡಿದ್ದಳು. ಭಟ್ಟರ ಎರಡು ಪೆಟ್ಟು ಒಂದೇ ಸಮನೆ ಬೀಳುತ್ತಿತ್ತು, ನಡುವೆ ಯಾರಿಗೂ ಉಸಿರಿಲ್ಲ. ‘ಇದೆಂತದು, ನನ್ನನ್ನು ಮಿಕ್ಸಿಗೆ ಹಾಕಿದ್ದೀಯಾ?’ ಎಂದೆ. ಅವಳು ಬಿದ್ದು ಬಿದ್ದು ನಕ್ಕಳು. ಸ್ಪೀಡು ಹೆಚ್ಚು ಮಾಡಿಲ್ಲವೆಂದು ಆಣೆ ಹಾಕಿದಳು. ಭಾನುವಾರ ಬೆಳಿಗ್ಗೆ ಹತ್ತೂವರೆಗೆ ನಾವಿಬ್ಬರು ಇರುವ ಸ್ಪೀಡೇ ಅದಂತೆ, ಅವಳು ಕತ್ತರಿಸಿ ಜೋಡಿಸಿದ್ದು ಮಾತ್ರ. ಇನ್ನೊಮ್ಮೆ ಹಾಕಲು ಹೇಳಿದೆ. ಎರಡನೆಯ ಸಲ ಕೇಳುವಾಗ ನನ್ನ ಕಾಲು ತಾನಾಗಿ ಕುಣಿಯತೊಡಗಿತು, ಸುಳ್ಳು ಯಾಕೆ ಹೇಳಲಿ.

ಸೋಮವಾರ ನಮಗೆ ರಜೆ. ಅವರ ಕಾಲೇಜಿನಲ್ಲಿ ಏನೋ ಹಬ್ಬವಿತ್ತು, ಮಧ್ಯಾಹ್ನ ಬನ್ನಿ ಎಂದು ಕರೆದಳು. ಭಟ್ಟರನ್ನೂ ಹೊರಡಿಸಿದೆ. ಅವರು ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಬಂದರು. ಸಭಾಂಗಣದ ತುಂಬ ಹುಡುಗ ಹುಡುಗಿಯರು. ಶುರುವಾಯಿತು ನೋಡಿ, ನೆಲವೇ ನಡುಗಿತು. ಭಟ್ರು ಎರಡೂ ಕಿವಿ ಮುಚ್ಚಿಕೊಂಡರು. ಐನೂರು ಮಂದಿ ‘ಎರಡು ಮಸಾಲ್’ ಎಂದು ಕೂಗಿ ಕುಣಿಯುತ್ತಿದ್ದರು. ಮುಕ್ಕಾಲು ಪಾಲು ಮಂದಿಗೆ ಕನ್ನಡದ ಒಂದಕ್ಷರ ಬಾರದು. ಭಟ್ರು ನನ್ನ ಕಿವಿಯ ಹತ್ತಿರ ಬಂದು ‘ಇಷ್ಟು ಆರ್ಡರಿಗೆ ಹಿಟ್ಟು ಎಲ್ಲಿಂದ ತರುದು ಮಾರಾಯ್ರೇ?’ ಎಂದರು. ಮರುದಿನ ಅವರ ಪೆಟ್ಟು ಯಾವತ್ತಿಗಿಂತ ಗಟ್ಟಿಯಾಗಿತ್ತು. ಸಟ್ಟುಗವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ಹೊಡೆಯುತ್ತಿದ್ದರು, ಕಿಂಡಿಯಿಂದ ನಾನೇ ನೋಡಿದೆ.

ನನ್ನ ಗಂಟಲು ಕೈಕೊಟ್ಟದ್ದು ಅದಾಗಿ ಮೂರು ತಿಂಗಳಿಗೆ. ಮೊದಲು ಸಂಜೆಯ ಹೊತ್ತಿಗೆ ಸ್ವರ ಒಡೆಯುತ್ತಿತ್ತು. ಬಿಸಿನೀರು, ಜ್ಯೇಷ್ಠಮಧು, ಕರಿಮೆಣಸು ಎಲ್ಲ ಆಯಿತು. ಆಮೇಲೆ ಬೆಳಿಗ್ಗೆಯೇ ಒಡೆಯತೊಡಗಿತು. ಕಡೆಗೆ ಹೆಂಡತಿ ಎಳೆದುಕೊಂಡು ಹೋದಳು. ಪಾರ್ಲೆಯ ಗಂಟಲು ಡಾಕ್ಟರು ಮೂಗಿನೊಳಗೆ ಕ್ಯಾಮೆರಾ ಇಳಿಸಿ ನೋಡಿದರು. ಸ್ವರದ ತಂತಿಗಳ ಮೇಲೆ ಗಂಟುಗಳಾಗಿವೆ ಎಂದರು. ಒಂದು ತಿಂಗಳು ಬಾಯಿ ಬಿಡಬಾರದು, ಪಿಸುಮಾತೂ ಕೂಡದು. ‘ಕಾಕಾ, ಏಕ್ ಶಬ್ದ್ ಪಣ್ ನಾಹೀ’ ಎಂದು ಮರಾಠಿಯಲ್ಲಿ ಬೆರಳೆತ್ತಿ ಎಚ್ಚರಿಸಿದರು. ಅದಕ್ಕೂ ಇಳಿಯದಿದ್ದರೆ ಆಪರೇಷನ್. ಮೊದಲಿನ ಸ್ವರ ಬಂದೀತೇ ಎಂದು ಹೆಂಡತಿ ಕೇಳಿದಳು. ಡಾಕ್ಟರು ಕೈ ತೊಳೆಯುತ್ತ ನೋಡೋಣ ಎಂದರು.

ಹೊರಗೆ ಬಂದ ಮೇಲೆ ಅವಳು ‘ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಅಂತೂ ನಮ್ಮ ಮನೆಗೂ ಬಂಗಾರ ಬಂತು’ ಎಂದು ನಗಿಸಲು ನೋಡಿದಳು. ನನಗೆ ನಗು ಬರಲಿಲ್ಲ. ಬೈಯೋಣವೆಂದರೆ ಬಾಯಿ ತೆಗೆಯುವ ಹಾಗಿಲ್ಲ. ಅಂಗಡಿಯಿಂದ ಒಂದು ನೋಟ್‌ಬುಕ್ ತೆಗೆದುಕೊಂಡು ‘ಸುಮ್ಮನಿರು’ ಎಂದು ಮೊದಲ ಪುಟದಲ್ಲಿ ಬರೆದೆ.

ದೊಡ್ಡ ಧಣಿಗಳು ತೀರಿಕೊಂಡ ಮೇಲೆ ಹೋಟೆಲು ಮಗನ ಕೈಗೆ ಬಂದಿತ್ತು. ಒಳ್ಳೆಯವರೇ, ಆದರೆ ಹೊಸಬರು. ಸಪ್ಲಾಯರ್ ಫೋನಿನಲ್ಲಿ ಒತ್ತಿದರೆ ಅಡುಗೆಮನೆಯಲ್ಲಿ ಚೀಟಿ ಬರುವ ಮೆಷಿನ್ ಆಗಲೇ ತರಿಸಿ ಇಟ್ಟಿದ್ದರು. ನನ್ನ ನೋಟ್‌ಬುಕ್ ಓದಿ ನೇರವಾಗಿಯೇ ಹೇಳಿದರು: ‘ಒಂದು ತಿಂಗಳು ನೋಡುವ. ಸ್ವರ ಬಂದ್ರೆ ಕಿಂಡಿ ನಿಮ್ದೇ. ಬರದಿದ್ರೆ ನಾನು ಮೆಷಿನ್ ಹಾಕ್ಸುದು. ನಿಮಗೆ ಪಾರ್ಸೆಲ್ ಕೌಂಟರಿನಲ್ಲಿ ಕೂತ್ಕೊಳ್ಳುವ ಕೆಲಸ ಉಂಟು, ಬೇಜಾರು ಮಾಡ್ಬೇಡಿ.’ ಬೇಜಾರು ಮಾಡಬೇಡಿ ಎಂದರೆ ಆಗುತ್ತದೆಯೇ? ಕೂತು ಚಟ್ನಿ ಕಟ್ಟುವ ಕೆಲಸ ಕೀಳೆಂದು ನಾನು ಹೇಳುವುದಿಲ್ಲ. ಆದರೆ ಆ ಹೋಟೆಲಿನಲ್ಲಿ ನಾನೆಂದರೆ ನನ್ನ ಸ್ವರ. ಅದು ಹೋದರೆ ಅಲ್ಲಿ ನಾನಿದ್ದೂ ಇಲ್ಲದ ಹಾಗೆ. ಅವತ್ತು ಕೈ ತೊಳೆಯುವ ಜಾಗಕ್ಕೆ ಹೋಗಿ, ನಲ್ಲಿ ಬಿಟ್ಟು, ಅತ್ತೆ. ಅಳುವಾಗಲೂ ಸದ್ದು ಮಾಡಬಾರದಲ್ಲ.

ಆ ತಿಂಗಳು ಒಬ್ಬ ಸಪ್ಲಾಯರ್ ನನ್ನ ಬದಲು ಕೂಗಿದ, ಹಿಂದಿಯಲ್ಲಿ. ಪಾಪ, ಅವನ ಗಂಟಲೇನೂ ಕೆಟ್ಟದ್ದಲ್ಲ. ಆದರೆ ಅವನು ಏನು ಕೂಗಿದರೂ ಒಳಗಿನಿಂದ ಒಂದೇ ಪೆಟ್ಟು. ಮೂರು ಸಲ ಹೇಳಿದ ಮೇಲೆ ಎರಡು ಪೆಟ್ಟು. ಭಟ್ಟರಿಗೆ ಹಿಂದಿ ಚೆನ್ನಾಗಿಯೇ ಬರುತ್ತದೆ, ಹಿಂದಿ ಸಿನಿಮಾ ಒಂದೂ ಬಿಟ್ಟವರಲ್ಲ. ಹಟ, ಮತ್ತೇನು. ನಾನು ಕಿಂಡಿಯ ಪಕ್ಕ ಸ್ಟೂಲಿನ ಮೇಲೆ ನೋಟ್‌ಬುಕ್ ಹಿಡಿದು ಕೂತಿರುತ್ತಿದ್ದೆ. ಆರ್ಡರ್ ಬರೆದು ತೋರಿಸುವಷ್ಟರಲ್ಲಿ ಗಿರಾಕಿ ಎದ್ದು ಹೋಗುತ್ತಿದ್ದ.

ನಾಲ್ಕನೆಯ ಭಾನುವಾರ ಆ ಹುಡುಗಿ ಏಳೆಂಟು ಮಂದಿ ಗೆಳೆಯರೊಂದಿಗೆ ಬಂದಳು. ಪರೀಕ್ಷೆ ಎಂದು ಬಹಳ ದಿನ ಈ ಕಡೆ ಬಂದಿರಲಿಲ್ಲ, ನನ್ನ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ನನ್ನನ್ನು ಕಂಡು ದೂರದಿಂದಲೇ ಕೈ ಬೀಸಿದಳು. ನಾನೂ ಬೀಸಿದೆ. ಅವರಲ್ಲೊಬ್ಬ, ಇವರೇ ಆ ಕಾಕಾ ಎಂದು ತಿಳಿದ ಹುರುಪಿನಲ್ಲಿ, ಬ್ಯಾಗಿನಿಂದ ಅಂಗೈಯಷ್ಟು ಸ್ಪೀಕರ್ ತೆಗೆದು ಟೇಬಲಿನ ಮೇಲಿಟ್ಟು ಹಾಡು ಹಾಕಿಬಿಟ್ಟ. ಅಬ್ಬಾ, ಆ ಸಣ್ಣ ಡಬ್ಬಿಗೆ ಎಷ್ಟು ಸ್ವರ! ‘ಎರಡು ಮಸಾಲ್! ಎರಡು ಮಸಾಲ್! ಒಂದು ಕಡಕ್!’ ಎಂದು ನಾನು ಇಡೀ ಹೋಟೆಲು ತುಂಬಿಕೊಂಡೆ. ಗಿರಾಕಿಗಳು ತಿರುಗಿ ನೋಡಿದರು. ನನಗೆ ಆ ಕ್ಷಣ ಆದದ್ದು ಹೊಟ್ಟೆಕಿಚ್ಚು. ನನ್ನ ಸ್ವರದ ಮೇಲೆ ನನಗೇ ಹೊಟ್ಟೆಕಿಚ್ಚು.

ಆಗ ಒಳಗಿನಿಂದ ಟಣ್ ಟಣ್ ಎಂದಿತು. ಹಾಡಿನೊಳಗಿನದ್ದಲ್ಲ, ನಿಜವಾದದ್ದು. ಮತ್ತೆ ಟಣ್ ಟಣ್. ಹಾಡು ಹೇಳಿದಷ್ಟಕ್ಕೂ ಭಟ್ರು ಹೊಡೆಯುತ್ತಲೇ ಹೋದರು. ನಾನು ಸ್ಟೂಲಿನಿಂದ ಎದ್ದು ಕಿಂಡಿಯಲ್ಲಿ ಬಗ್ಗಿ ನೋಡಿದೆ. ಕಾವಲಿಯ ತುಂಬ ಮಸಾಲೆ ದೋಸೆ ಹೊಯ್ದಿದ್ದರು. ಪಕ್ಕದ ಕಾವಲಿಯ ತುಂಬವೂ. ಕೈ ಆಡಿಸಿ ಬೇಡ ಬೇಡ ಎಂದು ಸನ್ನೆ ಮಾಡುವಷ್ಟರಲ್ಲಿ ಅವರು ಅಲ್ಲಿರಲಿಲ್ಲ. ಅಡುಗೆಮನೆಯ ಬಾಗಿಲು ದೂಡಿಕೊಂಡು ಹೊರಗೇ ಬಂದರು, ಕೈಯಲ್ಲಿ ಸಟ್ಟುಗ, ಸೊಂಟಕ್ಕೆ ಟವೆಲ್. ಗಿರಾಕಿಗಳಿರುವಾಗ ಭಟ್ರು ಹಾಗೆ ಹೊರಗೆ ಬಂದದ್ದನ್ನು ನಾನು ಕಂಡದ್ದೇ ಇಲ್ಲ.

‘ಬಂತಾ? ಸ್ವರ ಬಂತಾ?’ ಎಂದರು. ಬಾಯಿಯ ಎಲೆ ಅಡಿಕೆಯನ್ನು ಎಲ್ಲಿ ಉಗಿದು ಬಂದಿದ್ದರೋ, ಮಾತು ಸ್ಪಷ್ಟವಾಗಿತ್ತು. ಮುಖವೆಲ್ಲ ನಗು. ‘ನನಗೆ ಗೊತ್ತಿತ್ತು ಮಾರಾಯ್ರೇ, ಬರ್ತದೆ ಅಂತ ಗೊತ್ತಿತ್ತು!’

ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಸ್ವರ ಇನ್ನೂ ಕೂಗುತ್ತಲೇ ಇತ್ತು. ಭಟ್ರು ನನ್ನ ತುಟಿ ನೋಡಿದರು, ಆಮೇಲೆ ತಲೆ ತಿರುಗಿಸಿ ಟೇಬಲಿನ ಮೇಲಿನ ಡಬ್ಬಿ ನೋಡಿದರು. ಹುಡುಗಿ ಗಡಬಡಿಸಿ ಅದನ್ನು ಬಂದ್ ಮಾಡಿದಳು. ‘ಇದಾ’ ಎಂದರು ಭಟ್ರು. ಅಷ್ಟೇ ಹೇಳಿ ಒಳಗೆ ಹೋದರು. ದೋಸೆಗಳು ಸೀದ ವಾಸನೆ ಬರತೊಡಗಿತ್ತು.

ಹುಡುಗಿಗೆ ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದು ತೋರಿಸಿದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲವೆಂದು ಆಮೇಲೆ ಹೊಳೆಯಿತು. ಮಾತಾಡುತ್ತಾಳೆ, ಓದಲಾರಳು. ಕಡೆಗೆ ಸಣ್ಣ ಧಣಿಗಳೇ ಬಂದು ವಿಷಯ ಹೇಳಿದರು. ಅವಳು ‘ಸಾರಿ ರೀ ಕಾಕಾ, ನಂಗ್ ಗೊತ್ತಿರಲಿಲ್ರೀ’ ಎಂದು ಅತ್ತಳು. ಸೀದು ಉಳಿದ ಹದಿಮೂರು ದೋಸೆಗಳನ್ನು ಆ ಮಕ್ಕಳು ತಿಂದು ಮುಗಿಸಿದರು.

ಎರಡು ದಿನ ಬಿಟ್ಟು ಒಬ್ಬಳೇ ಬಂದಳು. ಗುಂಡಿಗಳಿರುವ ಒಂದು ಪೆಟ್ಟಿಗೆ ತಂದಿದ್ದಳು. ಒಂದೊಂದು ಗುಂಡಿಗೆ ಒಂದೊಂದು ಆರ್ಡರ್, ಎಲ್ಲ ನನ್ನದೇ ಹಳೆಯ ಸ್ವರ. ನಾನು ಒತ್ತಿದರೆ ಸಾಕು, ಅದು ಕೂಗುತ್ತದೆ. ಧಣಿಗಳಿಗೆ ಬಹಳ ಇಷ್ಟವಾಯಿತು. ನನಗೂ ಆಸೆ ಹುಟ್ಟಿತು, ಇಲ್ಲವೆನ್ನಲಾರೆ. ಒತ್ತಿದೆ. ‘ಎರಡು ಮಸಾಲ್!’ ಒಳಗಿನಿಂದ ಒಂದು ಪೆಟ್ಟು. ಮತ್ತೆ ಒತ್ತಿದೆ. ಒಂದೇ ಪೆಟ್ಟು. ಮೂರನೆಯ ಸಲಕ್ಕೆ ಭಟ್ರು ಕಿಂಡಿಗೆ ಮುಖ ತಂದು ಹುಡುಗಿಗೆ ಹೇಳಿದರು: ‘ಮಗಾ, ನೀನು ಒಳ್ಳೆ ಮನಸ್ಸಿನಲ್ಲಿ ತಂದಿದ್ದಿ. ಆದ್ರೆ ಇದು ಯಾವಾಗ್ಲೂ ಒಂದೇ ಥರ ಹೇಳ್ತದೆ. ಗಿರಾಕಿ ಸಿಟ್ಟಲ್ಲಿದ್ದಾನಾ, ಕೂಸು ಹಸಿದು ಅಳ್ತಾ ಉಂಟಾ, ನನಗೆ ಹೇಗೆ ಗೊತ್ತಾಗುದು? ಇವರು ಹೇಳಿದ್ರೆ ಗೊತ್ತಾಗ್ತದೆ.’ ಹುಡುಗಿ ತಲೆಯಾಡಿಸಿ ಪೆಟ್ಟಿಗೆಯನ್ನು ಬ್ಯಾಗಿಗೆ ಹಾಕಿಕೊಂಡಳು. ಇಪ್ಪತ್ತೆರಡು ವರ್ಷ ನಾನು ದೋಸೆಯ ಲೆಕ್ಕ ಮಾತ್ರ ಕೂಗುತ್ತಿದ್ದೇನೆ ಎಂದುಕೊಂಡಿದ್ದೆ.

ತಿಂಗಳು ಮುಗಿದು, ಸೋಮವಾರ ಡಾಕ್ಟರು ಮತ್ತೆ ಕ್ಯಾಮೆರಾ ಇಳಿಸಿ ನೋಡಿದರು. ಗಂಟು ಸಣ್ಣದಾಗಿದೆ, ಆಪರೇಷನ್ ಬೇಡ, ಮಾತಾಡಬಹುದು ಎಂದರು. ಆದರೆ ಕೂಗುವುದು ಇನ್ನು ಈ ಜನ್ಮಕ್ಕಿಲ್ಲ. ಒಂದು ಮಾತು ಆಡಿ ತೋರಿಸಿ ಎಂದರು. ಹೆಂಡತಿಯನ್ನು ಕರೆದೆ. ಬಂದ ಸ್ವರ ಸಣ್ಣದು, ಒರಟು, ಎದುರು ಕುರ್ಚಿಯಲ್ಲಿ ಕೂತವರಿಗೆ ಕೇಳಿಸುವಷ್ಟು. ಅವಳು ‘ಸಾಕು, ಮನೆಗೆ ಇಷ್ಟು ಸಾಕು’ ಎಂದಳು. ಕಿಂಡಿಗೆ ಸಾಲದು ಎಂದು ಇಬ್ಬರಿಗೂ ಗೊತ್ತಿತ್ತು.

ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ ಹೋಗಿ ಕಿಂಡಿಯ ಎದುರು ನಿಂತೆ. ಧಣಿಗಳು ಮೆಷಿನ್ನಿನ ಡಬ್ಬವನ್ನು ಟೇಬಲಿನ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಕೊಟ್ಟ ಮಾತಿಗೆ ತಪ್ಪುವವರಲ್ಲ, ನನಗೆ ಒಂದು ಸಲ ಹೇಳಿ ನೋಡಲು ಬಿಟ್ಟರು. ಮೊದಲ ಗಿರಾಕಿ ಬಂದ. ನಾನು ‘ಒಂದು ಸಾದಾ’ ಎಂದೆ.

ಒಳಗಿನಿಂದ ಒಂದು ಪೆಟ್ಟು.

ಕಿಂಡಿಯೊಳಗೆ ತಲೆ ಹಾಕಿ ಮತ್ತೆ ಹೇಳಿದೆ. ಗಂಟಲು ಉರಿಯಿತು. ಒಂದೇ ಪೆಟ್ಟು. ಈ ಸಲ ಹಟವಲ್ಲ, ಭಟ್ಟರಿಗೆ ನಿಜವಾಗಿ ಕೇಳಿಸುತ್ತಿರಲಿಲ್ಲ. ಕಾವಲಿಗಳ ಮೇಲೆ ಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಭರ್ರೆಂದು ತಿರುಗುತ್ತಿತ್ತು. ನನ್ನ ಹಳೆಯ ಸ್ವರ ಅದರ ಮೇಲೇರಿ ಹೋಗುತ್ತಿತ್ತು, ಹಾಗಾಗಿ ಅದೊಂದು ಅಲ್ಲಿದೆಯೆಂದೇ ನನಗೆ ಇಷ್ಟು ವರ್ಷ ಗೊತ್ತಾಗಿರಲಿಲ್ಲ. ಧಣಿಗಳು ಮೆಲ್ಲನೆ ಡಬ್ಬದ ಟೇಪು ಕೀಳತೊಡಗಿದರು.

ಭಟ್ರು ಸಟ್ಟುಗ ಕೆಳಗಿಟ್ಟರು. ಗೋಡೆಯ ಹತ್ತಿರ ಹೋಗಿ ಫ್ಯಾನಿನ ಸ್ವಿಚ್ ಆರಿಸಿದರು. ಮೇ ತಿಂಗಳು. ನಾಲ್ಕು ಒಲೆಗಳು ಉರಿಯುತ್ತಿದ್ದವು. ಹೊಗೆ ಮೇಲೇರಲಾರದೆ ಅವರ ಮುಖದ ಮಟ್ಟಕ್ಕೆ ಇಳಿಯಿತು. ಅರೆನಿಮಿಷದಲ್ಲಿ ಬನಿಯನ್ ಮೈಗೆ ಅಂಟಿತು, ಬೆವರು ಗಲ್ಲದಿಂದ ತೊಟ್ಟಿಕ್ಕಿತು. ಅವರು ಕಣ್ಣು ಒರೆಸಿಕೊಂಡು ಕಾವಲಿಯ ಮುಂದೆ ಬಂದು ನಿಂತು, ಕಿವಿಯನ್ನು ನನ್ನ ಕಡೆ ಮಾಡಿದರು.

‘ಹ್ಞಾಂ, ಈಗ ಹೇಳಿ’ ಎಂದರು.